ಗುಣಿ ತೋಡಿದವರೇ ಬರೆಯಲಿ

ಕಳೆದ ಸಂಚಿಕೆಯಲ್ಲಿ ಮಾತಿನ ನಡುವೆ ಒಂದು ವಿಷಯ ಹೇಳಿದ್ದೆ. ತೋಟ ಮಾಡಿಕೊಡುವ ಕೆಲಸಕ್ಕೆ ಇಳಿದು ನನಗೆ 22 ವರ್ಷವಾಯಿತು. ಅದರಲ್ಲಿ 9 ವರ್ಷದಿಂದ ತಿಂಗಳಿಗೊಂದು ಪುಟ ಬರೆದು ನನ್ನ ಗ್ರಾಹಕರಿಗೆ ಕಳಿಸುತ್ತಿದ್ದೇನೆ. ಹೊಸ ಕೆಲಸ ಕೊಡುವವರು ಹೆಚ್ಚಾಗಿ ಆ ಪುಟ ಓದಿದವರೇ. ಅಷ್ಟು ಹೇಳಿದ್ದೇ ತಡ, "ಎಲೆ ಹಳದಿಯಾಗಿದೆ, ಏನು ಹಾಕಲಿ" ಅಂತ ಬರುತ್ತಿದ್ದ ಪತ್ರಗಳು ನಿಂತವು. ಈ ಸಲ ಎಲ್ಲರಿಗೂ ಬರೆಯುವುದು ಹೇಗೆ ಅಂತ ತಿಳಿಯಬೇಕಂತೆ! ಕೆಲವನ್ನು ಆರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಲಾನ್, ಕಲ್ಲುಹಾಸು, ಗಿಡ ನೆಡುವುದು ಎಲ್ಲ ಸೇರಿ ಲ್ಯಾಂಡ್‌ಸ್ಕೇಪಿಂಗ್ ಕೆಲಸ ಮಾಡುತ್ತೇನೆ. ಆರು ವರ್ಷವಾಯಿತು. ನಮ್ಮ ಕೆಲಸದ ಬಗ್ಗೆ ಹತ್ತು ಬರಹ ಬರೆದೆ. ಮಗಳು ಓದಿ "ಅಪ್ಪಾ, ಇದರಲ್ಲಿ ನೀನೇ ಇಲ್ವಲ್ಲ" ಅಂದಳು. ಒಂದು ತುಣುಕು ನೋಡಿ: "ನಮ್ಮ ಸಂಸ್ಥೆಯು ಗ್ರಾಹಕರ ಅಗತ್ಯಗಳಿಗೆ ಅನುಗುಣವಾಗಿ, ನುರಿತ ಸಿಬ್ಬಂದಿಯ ಮೂಲಕ, ಅತ್ಯುತ್ತಮ ಗುಣಮಟ್ಟದ ಸೇವೆಯನ್ನು ಸಕಾಲದಲ್ಲಿ ಒದಗಿಸಲು ಬದ್ಧವಾಗಿದೆ." ಇದರಲ್ಲಿ ತಪ್ಪೇನು? ಪತ್ರ ತಡವಾಯಿತು, ಕ್ಷಮಿಸಿ. ಒಂದು ಸೈಟಿನಲ್ಲಿ ಗೋಡೆ ಪಕ್ಕ ನೀರು ನಿಲ್ಲುತ್ತಿತ್ತು. ಅಗೆದರೆ ಕಟ್ಟಡ ಕಟ್ಟಿದವರ ಕಸವೆಲ್ಲ ಅಲ್ಲೇ ಹೂತಿತ್ತು. ಅದನ್ನು ತೆಗೆಸುವುದರಲ್ಲೇ ಮೂರು ದಿನ ಹೋಯಿತು.

ಉತ್ತರ: ತಪ್ಪೇನೂ ಇಲ್ಲ. ವ್ಯಾಕರಣ ಸರಿಯಾಗಿದೆ. ಆದರೆ ಆ ತುಣುಕನ್ನು ಲಿಫ್ಟ್ ರಿಪೇರಿಯವರು ಎತ್ತಿಕೊಂಡು ಹೋಗಿ ತಮ್ಮದು ಅಂತ ಹಾಕಿಕೊಳ್ಳಬಹುದು. ಒಂದು ಅಕ್ಷರ ಬದಲಿಸಬೇಕಾಗಿಲ್ಲ. ಅದರಲ್ಲಿ ಒಂದು ಗಿಡ ಇಲ್ಲ, ಒಂದು ಹಿಡಿ ಮಣ್ಣಿಲ್ಲ. ಮಗಳು ಸರಿಯಾಗಿಯೇ ಹೇಳಿದ್ದಾಳೆ.

ಈಗ ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ನೀವೇ ಇನ್ನೊಮ್ಮೆ ಓದಿ. ತಡವಾಯಿತು ಅಂತ ಹೇಳಲು ಹೋಗಿ ನಿಮ್ಮ ದನಿಯಲ್ಲಿ ಮಾತಾಡಿಬಿಟ್ಟಿದ್ದೀರಿ. ಗೋಡೆ, ನೀರು, ಹೂತ ಕಸ, ಮೂರು ದಿನ. ನಿಮ್ಮ ಹನ್ನೊಂದನೇ ಬರಹ ಅಲ್ಲಿದೆ. ಅದನ್ನು ಓದುತ್ತಾ ನನ್ನ ತಲೆಯಲ್ಲಿ ಪ್ರಶ್ನೆಗಳು ಎದ್ದವು. ಕಸ ಇದೆ ಅಂತ ಗೊತ್ತಾದದ್ದು ಹೇಗೆ? ಹಾರೆ ಹಾಕಿದಾಗ ಟಣ್ ಅಂದಿತಾ? ಎಷ್ಟು ಆಳದಲ್ಲಿ ಸಿಕ್ಕಿತು? ಸಿಮೆಂಟು, ಗಾರೆಚೂರು ಇದ್ದ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿಯಾಗಿ ಕೆಲವು ಗಿಡಗಳಿಗೆ ಕಬ್ಬಿಣ ಸಿಗುವುದಿಲ್ಲ. ನರ ಹಸಿರಾಗಿದ್ದು ಎಲೆ ಮಾತ್ರ ಹಳದಿಯಾಗುತ್ತದೆ. ನಿಮಗೆ ಅಂಥ ಗಿಡ ಅಲ್ಲಿ ಕಂಡಿತ್ತಾ? ಮನೆಯವರು ಏನಂದರು? ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ, ಸಾಕು. ಕೂತು ಯೋಚಿಸಬೇಕಾದ್ದೇನೂ ಇಲ್ಲ. ನೀವು ಅಲ್ಲಿ ನಿಂತಿದ್ದಿರಲ್ಲ.

ಇಂಥದ್ದೇ ಒಂದು ಕೆಲಸದ ಬಗ್ಗೆ ನಾನು ಬರೆದದ್ದು ಹೀಗಿತ್ತು:

"ಬೆಳಿಗ್ಗೆ ಹೋದಾಗ ಗೋಡೆ ಪಕ್ಕ ಮೂರು ಮಾರು ಉದ್ದಕ್ಕೆ ನೀರು ನಿಂತಿತ್ತು. ಒಂದು ಅಡಿ ಆಳದ ಗುಣಿ ತೋಡಿಸಿದೆ. ತುಂಬ ನೀರು ಸುರಿದೆವು. ಅದು ಇಂಗಿದ ಮೇಲೆ ಮತ್ತೆ ಸುರಿದೆವು. ಲೆಕ್ಕಕ್ಕೆ ಹಿಡಿಯುವುದು ಈ ಎರಡನೇ ನೀರು. ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ನಮ್ಮದು ಎರಡು ಗಂಟೆಯಾದರೂ ಅರ್ಧ ಇಂಚು ಇಳಿದಿರಲಿಲ್ಲ. ಇಂಥ ಕಡೆ ಬಹಳಷ್ಟು ಗಿಡಗಳ ಬೇರು ಉಸಿರು ಕಟ್ಟಿ ಸಾಯುತ್ತದೆ. ರಸಮಟ್ಟ ಇಟ್ಟು ನೋಡಿದರೆ ನೆಲದ ವಾಟ, ಅಂದರೆ ಇಳಿಜಾರು, ಗೋಡೆಯ ಕಡೆಗೇ ಇತ್ತು. ಮನೆಯವರು ಹೂವಿನ ಗಿಡ ಯಾವಾಗ ಬರುತ್ತೆ ಅಂತ ದಿನಕ್ಕೆರಡು ಸಲ ಕೇಳುತ್ತಿದ್ದರು. ನಾನು ಅಗೆಯುತ್ತಲೇ ಇದ್ದೆ. ಗಟ್ಟಿಯಾದ ಮಣ್ಣು ಬಿಡಿಸಿ, 10 ಅಡಿಗೆ ಎರಡೂವರೆ ಇಂಚಿನಂತೆ ವಾಟವನ್ನು ಗೋಡೆಯಿಂದ ಆಚೆಗೆ ತಿರುಗಿಸಿದೆವು. ಮೊದಲ ನಾಲ್ಕು ದಿನ ಒಂದು ಗಿಡವನ್ನೂ ನೆಡಲಿಲ್ಲ."

ಗುಣಮಟ್ಟ ಅನ್ನುವ ಪದ ಇದರಲ್ಲಿ ಎಲ್ಲೂ ಬಂದಿಲ್ಲ ನೋಡಿ. ಇದನ್ನು ಓದಿದ ಒಬ್ಬರು ಫೋನ್ ಮಾಡಿ, "ನೀರಿನ ದಾರಿ ನೋಡದೆ ಗಿಡ ನೆಡುವವರಲ್ಲ ನೀವು, ಬನ್ನಿ" ಅಂದರು. ಆ ಮನೆಯಲ್ಲಿ ಎರಡು ತಿಂಗಳ ಕೆಲಸವಾಯಿತು.

ಇನ್ನೊಂದು ಮಾತು, ನಿಮಗೊಬ್ಬರಿಗೇ ಅಲ್ಲ. ಮೂರು ಪತ್ರಗಳ ಜೊತೆ ಬಂದ ಮಾದರಿ ಬರಹ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಶುರುವಾಗಿದೆ. ಒಳ್ಳೆಯ ಗಾದೆ. ಆದರೆ ಅದು ಊರವರೆಲ್ಲರ ಮಾತು. ಸುಮ್ನೆ ಜಾಗ ತಿನ್ನುತ್ತದೆ. ಹಾರೆ ಟಣ್ ಅಂದ ಕಡೆಯಿಂದ ಶುರು ಮಾಡಿ.

ಪ್ರಶ್ನೆ: ನಮ್ಮ ತಪ್ಪುಗಳ ಬಗ್ಗೆಯೂ ಬರೆಯಬೇಕಾ? ಗ್ರಾಹಕರು ಓಡಿಹೋಗುವುದಿಲ್ಲವೇ?

ಉತ್ತರ: ನನಗೂ ಇದೇ ಭಯ ಇತ್ತು. ಒಂದು ತಪ್ಪನ್ನು ಆರು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಅದು ನನ್ನ ಮೊದಲ ದೊಡ್ಡ ಕೆಲಸ. ಹೆಡ್ಜ್ ಹಿಂದೆ ಸಾಲಾಗಿ 14 ಮರದ ಸಸಿ ನೆಡಬೇಕಿತ್ತು. ಗಾಳಿಗೆ ಅಲುಗದಿರಲಿ ಅಂತ ಅರ್ಧ ಗೇಣು ಜಾಸ್ತಿ ಆಳಕ್ಕೆ ಇಳಿಸಿದೆ. ಮೇಲೆ ತೊಗಟೆಯ ಚೂರನ್ನು ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿಸಿದೆ. ನೋಡಲು ಎಷ್ಟು ಚೆಂದ ಇತ್ತೆಂದರೆ ಫೋಟೋ ತೆಗೆದು ಎಲ್ಲರಿಗೂ ತೋರಿಸಿದ್ದೆ. ಎರಡು ವರ್ಷ ಏನೂ ಆಗಲಿಲ್ಲ. ಮೂರನೇ ವರ್ಷ ತುದಿ ಒಣಗತೊಡಗಿತು. ನೀರು ಸಾಲದು ಅಂದೆ. ಆಮೇಲೆ ಗೊಬ್ಬರ ಸಾಲದು ಅಂದೆ. ಎರಡೂ ಮುಗಿದ ಮೇಲೆ ಹೇಳಲು ಏನೂ ಉಳಿಯದೆ, ಒಂದು ಗಿಡದ ಬುಡ ಕೈಯಿಂದಲೇ ಬಿಡಿಸಿ ನೋಡಿದೆ. ಮಣ್ಣಿನಡಿ ಸೇರಿದ್ದ ತೊಗಟೆ ಕೊಳೆತಿತ್ತು. ಕುಂಡದಲ್ಲಿದ್ದಾಗ ಸುತ್ತಿಕೊಂಡಿದ್ದ ಬೇರು ಬಿಚ್ಚಿಕೊಳ್ಳದೆ ಕಾಂಡವನ್ನೇ ಹಗ್ಗದಂತೆ ಬಿಗಿದಿತ್ತು. ನೆಡುವಾಗ ಆ ಸುತ್ತನ್ನು ಕತ್ತರಿಸಿ ಬಿಡಿಸಬೇಕಿತ್ತು. ನಾನು ಕುಂಡದಿಂದ ತೆಗೆದವಳು ಹಾಗೇ ಇಳಿಸಿದ್ದೆ. 14 ರಲ್ಲಿ 5 ಸತ್ತವು. ಅವನ್ನು ನನ್ನ ಖರ್ಚಿನಲ್ಲಿ ಹೊಸದಾಗಿ ನೆಟ್ಟೆ.

ಕೊನೆಗೊಮ್ಮೆ ಇದನ್ನೆಲ್ಲ ಬರೆದೆ. ಈಗ ಹೇಗೆ ನೆಡುತ್ತೇನೆ ಅಂತಲೂ ಬರೆದೆ. ಗುಣಿಯ ಆಳ ಬೇರಿನ ಉಂಡೆಯಷ್ಟೇ, ಅಗಲ ಅದರ ಎರಡು ಮೂರು ಪಟ್ಟು. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮೇಲೆ ಕಾಣಬೇಕು. ಬುಡದ ಮೇಲೆ ಹಾಸುವ ತೊಗಟೆ ಚೂರಿನ ಮುಚ್ಚಿಗೆ ಎರಡು ಮೂರು ಇಂಚು ಸಾಕು, ಕಾಂಡದ ಸುತ್ತ ಒಂದು ಅಂಗೈ ಜಾಗ ಖಾಲಿ. ಕಳಿಸಿದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬಂದ ಮೊದಲ ಫೋನ್ ಹಳೆಯ ಗ್ರಾಹಕರೊಬ್ಬರದು. "ನಮ್ಮ ಮರದ ಬುಡ ನೋಡಿದೆ, ಕಾಂಡ ನೇರ ಮಣ್ಣಿಗೆ ಹೋಗಿದೆ, ಕಂಬ ನೆಟ್ಟ ಹಾಗೆ. ಬಂದು ನೋಡ್ತೀರಾ?" ಆ ಮರ ನಾನು ನೆಟ್ಟದ್ದಲ್ಲ. ಬಿಡಿಸಿ ಉಳಿಸಿಕೊಂಡೆವು. ನನ್ನನ್ನು ಬಿಟ್ಟು ಹೋದ ಗ್ರಾಹಕರು ಯಾರೂ ಇಲ್ಲ.

ಆದರೂ ಎಲ್ಲ ತಪ್ಪನ್ನೂ ಬರೆಯಬೇಡಿ. ಇನ್ನೂ ಸರಿಯಾಗದ ತಪ್ಪು, ಜಗಳ ನಡೆಯುತ್ತಿರುವ ಕೆಲಸ, ಇವಕ್ಕೆ ಕಾಯಬೇಕು. ಪಕ್ಕದ ಕಾಂಟ್ರ್ಯಾಕ್ಟರ್‌ನ ತಪ್ಪು ನಿಮ್ಮ ಬರಹಕ್ಕೆ ಬೇಡವೇ ಬೇಡ. ಮನೆಯವರ ಒಪ್ಪಿಗೆ ಕೇಳಿ. ಒಪ್ಪಿದರೂ ಗೇಟು, ಮನೆ ನಂಬರು, ಗಾಡಿ ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ. ಮತ್ತೆ, ತಪ್ಪು ಒಪ್ಪಿಕೊಳ್ಳುವುದೇ ಒಂದು ಜಂಬವಾಗುವುದೂ ಉಂಟು. "ನೋಡಿ, ನಾನೆಷ್ಟು ಪ್ರಾಮಾಣಿಕಳು" ಅನ್ನುವ ವಾಸನೆ ಬಂದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತೆ. ಬುಡ ಬಿಡಿಸಿದಾಗ ಏನು ಕಂಡಿತು ಅಂತ ಹೇಳಿ ನಿಲ್ಲಿಸಿಬಿಡಿ.

ಪ್ರಶ್ನೆ: ಅಕ್ಕಾ, ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೆಲಸ ಬರುತ್ತೆ, ಮಾತು ಬರುತ್ತೆ, ಬರೆಯಲು ಕೂತರೆ ಕೈ ಓಡುವುದಿಲ್ಲ. ಓದಿದವರ ಹತ್ತಿರ ಬರೆಸಲಾ?

ಉತ್ತರ: ಬರೆಸು ತಮ್ಮಾ. ಆದರೆ ಮಾತು ನಿನ್ನದೇ ಇರಲಿ.

ಹಳೆಯ ತೋಟಗಾರರ ಕತೆ ಓದುವ ಚಟ ನನಗೆ. ಇಂಗ್ಲೆಂಡಿನಲ್ಲಿ ಲ್ಯಾನ್ಸಲಾಟ್ ಬ್ರೌನ್ ಅಂತ ಒಬ್ಬರಿದ್ದರು. ಹುಟ್ಟಿದ್ದು 1716, ತೀರಿಕೊಂಡದ್ದು 1783. ಜಾಗ ನೋಡಲು ಹೋದಾಗಲೆಲ್ಲ ಇಲ್ಲಿ ಒಳ್ಳೆಯ ಸಾಧ್ಯತೆ ಇದೆ ಅನ್ನುತ್ತಿದ್ದರಂತೆ. ಅದಕ್ಕೆ ಜನ ಅವರನ್ನು ಕೇಪಬಿಲಿಟಿ ಬ್ರೌನ್ ಅಂತಲೇ ಕರೆದರು. ಅಷ್ಟು ದೊಡ್ಡ ಹೆಸರು, ಆದರೆ ತನ್ನ ಕೆಲಸದ ಬಗ್ಗೆ ಒಂದು ಪುಸ್ತಕವನ್ನೂ ಬರೆಯಲಿಲ್ಲ. ಸಾಯುವ ಹಿಂದಿನ ವರ್ಷ, 1782 ರಲ್ಲಿ, ಹನ್ನಾ ಮೋರ್ ಅನ್ನುವ ಬರಹಗಾರ್ತಿಯ ಜೊತೆ ತೋಟದಲ್ಲಿ ಓಡಾಡುತ್ತಾ ಬೆರಳು ತೋರಿಸಿ ಹೇಳಿದರಂತೆ: ಅಲ್ಲಿ ಅಲ್ಪವಿರಾಮ ಹಾಕುತ್ತೇನೆ, ಜಾಸ್ತಿ ತಿರುವು ಬೇಕಾದ ಕಡೆ ಕೋಲನ್, ನೋಟವನ್ನು ತಡೆಯಬೇಕಾದ ಕಡೆ ಆವರಣ ಚಿಹ್ನೆ, ಆಮೇಲೆ ಪೂರ್ಣವಿರಾಮ, ಅಲ್ಲಿಂದ ಬೇರೆ ವಿಷಯ. ಆಕೆ ಅದನ್ನು ಪತ್ರದಲ್ಲಿ ಬರೆದಿಟ್ಟರು. ಬ್ರೌನ್ ಆಡಿದ ಮಾತು ನಮಗೆ ಸಿಕ್ಕಿದ್ದು ಹಾಗೆ.

ನೀನೂ ಹಾಗೇ ಮಾಡು. ಸಂಜೆ ಸಲಿಕೆ, ಗುದ್ದಲಿ ತೊಳೆಯುವಾಗ ಫೋನಿನಲ್ಲಿ ರೆಕಾರ್ಡ್ ಹಾಕಿ, ಅವತ್ತಿನ ಕೆಲಸವನ್ನು ಜೊತೆಗಾರನಿಗೆ ಹೇಳುವ ಹಾಗೆ ಹೇಳು. ಬರೆಯುವವರು ಅದನ್ನು ಅಕ್ಷರಕ್ಕೆ ಇಳಿಸಲಿ. ಒಂದು ಷರತ್ತು. "ಮಣ್ಣಿನ ಹದ" ಅಂತ ನೀನು ಹೇಳಿದ್ದು "ತೇವಾಂಶದ ಪ್ರಮಾಣ" ಆಗಬಾರದು. "ಸವರಿದೆ" ಅನ್ನುವುದು "ಕತ್ತರಿಸುವ ಕಾರ್ಯವನ್ನು ಕೈಗೊಳ್ಳಲಾಯಿತು" ಆಗಬಾರದು. ಬರೆದದ್ದನ್ನು ಅವರು ಓದಲಿ, ನೀನು ಕಣ್ಣು ಮುಚ್ಚಿ ಕೇಳು. ನಿನ್ನ ಬಾಯಿಗೆ ಬಾರದ ಪದ ಬಂದರೆ ನಿಲ್ಲಿಸಿ ಹೊಡೆದು ಹಾಕಿಸು.

ಪ್ರಶ್ನೆ: ಈಗ ಯಂತ್ರವೇ ಬರೆದುಕೊಡುತ್ತದಲ್ಲ, ಮೇಡಂ?

ಉತ್ತರ: ಕೊಡುತ್ತದೆ. ಅಕ್ಷರ ತಪ್ಪು ತಿದ್ದಲು ನಾನೂ ಬಳಸುತ್ತೇನೆ. ಒಮ್ಮೆ "ತೋಟದ ನಿರ್ವಹಣೆ ಬಗ್ಗೆ ಬರೆ" ಅಂದೆ. ಮೊದಲ ಪತ್ರದವರ ಆ ಲಿಫ್ಟ್ ರಿಪೇರಿಯ ತುಣುಕಿನಂಥದ್ದೇ ಬಂತು.

ಪ್ರಶ್ನೆ: ಗಿಡಗಳ ಸಸ್ಯಶಾಸ್ತ್ರದ ಹೆಸರು ಹಾಕಬೇಕೇ? ಓದುವವರಿಗೆ ಬೇಜಾರಾಗುವುದಿಲ್ಲವೇ?

ಉತ್ತರ: ಒಂದು ಸಲ ಹಾಕಿ, ಆಮೇಲೆ ಜನ ಕರೆಯುವ ಹೆಸರಿನಲ್ಲೇ ಮುಂದುವರಿಯಿರಿ. ಜನ ಕರೆಯುವ ಒಂದೇ ಹೆಸರು ಬೇರೆ ಬೇರೆ ಗಿಡಗಳಿಗೆ ಇರುವುದುಂಟು. ಎರಡು ಪದದ ಈ ಹೆಸರಿನ ಪದ್ಧತಿಯನ್ನು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753 ರಲ್ಲಿ ಗಿಡಗಳಿಗೆಲ್ಲ ಬಳಕೆಗೆ ತಂದದ್ದು ಈ ಗೊಂದಲ ತಪ್ಪಿಸಲು ಅನುಕೂಲವಾಯಿತು. ಕುಂಡಕ್ಕೆ ಅಂತ ಮಾರುವ ಜೆರೇನಿಯಂ ಬಹುಪಾಲು ಪೆಲಾರ್ಗೋನಿಯಂ. 1789 ರಲ್ಲೇ ಅದನ್ನು ಬೇರೆ ಜಾತಿ ಮಾಡಿದರು, ಮಾರುವವರ ಬಾಯಲ್ಲಿ ಇನ್ನೂ ಜೆರೇನಿಯಂ. ನಿಜವಾದ ಜೆರೇನಿಯಂ ಹೆಚ್ಚಿನವು ಚಳಿಗೆ ಜಗ್ಗುವುದಿಲ್ಲ, ಪೆಲಾರ್ಗೋನಿಯಂ ಹಿಮ ಬಿದ್ದರೆ ಸಾಯುತ್ತದೆ. ಬರೀ ಜೆರೇನಿಯಂ ಅಂತ ನೀವು ಬರೆದಿರೋ, ಯಾರದೋ ಗಿಡ ಹೋಯಿತು.

ಪ್ರಶ್ನೆ: ತಂಗೀ, ಕೆಲಸದ ಮೊದಲು ಒಂದು ಫೋಟೋ, ಆದ ಮೇಲೆ ಒಂದು ಫೋಟೋ ಹಾಕಿದರೆ ಸಾಲದೇ? ನನಗೆ ವಯಸ್ಸಾಯಿತು. ಇಷ್ಟುದ್ದ ಯಾರು ಓದುತ್ತಾರೆ?

ಉತ್ತರ: ಅಣ್ಣಾ, ಈ ಮೊದಲು-ಆಮೇಲೆ ಆಟ ಬಹಳ ಹಳೆಯದು. ಬ್ರೌನ್ ನಂತರ ಬಂದ ಹಂಫ್ರಿ ರೆಪ್ಟನ್ ಅಂತ ಒಬ್ಬರು 1788 ರಲ್ಲಿ ತೋಟ ವಿನ್ಯಾಸದ ಕೆಲಸ ಶುರು ಮಾಡಿದರು. ಗ್ರಾಹಕರಿಗೆ ಒಂದೊಂದು ಪುಸ್ತಕ ಮಾಡಿ ಕೊಡುತ್ತಿದ್ದರು, ಹೆಚ್ಚಾಗಿ ಕೆಂಪು ಚರ್ಮದ ರಟ್ಟು. ಒಳಗೆ ಜಾಗದ ಈಗಿನ ಚಿತ್ರ. ಅದರ ಮೇಲೆ ಅಂಟಿಸಿದ ಕಾಗದದ ಮಡಿಕೆ ಎತ್ತಿದರೆ ಕೆರೆ ಬಂದಿರುತ್ತಿತ್ತು, ಬೇಲಿ ಮಾಯವಾಗಿರುತ್ತಿತ್ತು. ಎಂಥ ಮೋಡಿ ಅಲ್ವಾ! ಆದರೆ ರೆಪ್ಟನ್ ಚಿತ್ರ ಕೊಟ್ಟು ಸುಮ್ಮನಾಗಲಿಲ್ಲ. ಪಕ್ಕದಲ್ಲೇ ತಮ್ಮ ಕೈಬರಹದಲ್ಲಿ, ಮಾಲೀಕರಿಗೆ ನೇರ ಮಾತಾಡುವಂತೆ, ಇಲ್ಲಿ ಯಾಕೆ ಮರ ಬೇಕು, ಅಲ್ಲಿ ಯಾಕೆ ಬೇಡ ಅಂತ ಬರೆಯುತ್ತಿದ್ದರು.

ನಿಮ್ಮ ಎರಡು ಫೋಟೋಗಳ ನಡುವೆ ಏನಾಯಿತು ಅನ್ನುವುದನ್ನು ಫೋಟೋ ಹೇಳುವುದಿಲ್ಲ. ಉದಾಹರಣೆಗೆ, ಹೊಸದಾಗಿ ನೆಟ್ಟ ತೋಟ ಯಾವಾಗಲೂ ಬೋಳು ಬೋಳಾಗಿ ಕಾಣುತ್ತದೆ. ಬೆಳೆದಾಗ ಆರಡಿ ಅಗಲವಾಗುವ ಪೊದೆಗೆ ಆರಡಿ ಬಿಟ್ಟೇ ನೆಡಬೇಕು. ಫೋಟೋಗೆ ಚೆಂದ ಬರಲಿ ಅಂತ ಎರಡಡಿಗೊಂದು ನೆಟ್ಟರೆ ಐದನೇ ವರ್ಷ ಅರ್ಧಕ್ಕಿಂತ ಹೆಚ್ಚು ಕಿತ್ತು ಎಸೆಯಬೇಕು. "ಈ ಜಾಗ ಯಾಕೆ ಖಾಲಿ ಬಿಟ್ಟೆ" ಅಂತ ಐದು ಸಾಲು ಬರೆಯಿರಿ. ಅದನ್ನು ನಿಮ್ಮಷ್ಟು ವರ್ಷ ಕೆಲಸ ಮಾಡಿದವರೇ ಬರೆಯಬಲ್ಲರು.

ಫೋಟೋ ತೆಗೆಯುವ ಜಾಗಕ್ಕೆ ಒಂದು ಕಲ್ಲು ಇಟ್ಟು ಗುರುತು ಮಾಡಿಕೊಳ್ಳಿ. ಪ್ರತಿ ಸಲ ಅಲ್ಲೇ ನಿಲ್ಲಿ, ಅದೇ ಹೊತ್ತಿಗೆ ತೆಗೆಯಿರಿ. ನಡು ಮಧ್ಯಾಹ್ನ ಬೇಡ, ನೆರಳು ಕಪ್ಪಾಗಿ ಬೀಳುತ್ತದೆ. ಮೋಡದ ದಿನ ಒಳ್ಳೆಯದು. ಒಂದು ವರ್ಷ ಬಿಟ್ಟು, ಮೂರು ವರ್ಷ ಬಿಟ್ಟು ಹೋಗಿ ಮತ್ತೆ ತೆಗೆಯಿರಿ. ಮೂರನೇ ವರ್ಷದ ಫೋಟೋ ಹಾಕುವ ಧೈರ್ಯ ನಮ್ಮಲ್ಲಿ ಬಹಳ ಜನಕ್ಕಿಲ್ಲ.

ಪ್ರಶ್ನೆ: ನನ್ನದೊಂದು ಫೋಟೋ ಹಾಕಬೇಕು. ಇಸ್ತ್ರಿ ಮಾಡಿದ ಬಟ್ಟೆ ಹಾಕಿ ಸ್ಟುಡಿಯೋದಲ್ಲಿ ತೆಗೆಸಲಾ, ಕೆಲಸದ ಬಟ್ಟೆಯಲ್ಲೇ ಇರಲಾ?

ಉತ್ತರ: ಗರ್ಟ್ರೂಡ್ ಜೀಕಲ್ ಅನ್ನುವ ಮಹಾನ್ ತೋಟಗಾತಿ ಇದ್ದರು. ಸುಮಾರು 400 ತೋಟಗಳ ವಿನ್ಯಾಸ ಮಾಡಿದರು, ಪತ್ರಿಕೆಗಳಿಗೆ 1,000 ಕ್ಕೂ ಹೆಚ್ಚು ಲೇಖನ ಬರೆದರು. ಕಣ್ಣು ಮಾತ್ರ ಬಹಳ ಮಂದ. 1920 ರಲ್ಲಿ, ಅವರಿಗೆ ಎಪ್ಪತ್ತು ದಾಟಿದ್ದಾಗ, ವಿಲಿಯಂ ನಿಕಲ್ಸನ್ ಅನ್ನುವ ಕಲಾವಿದರು ಅವರ ಭಾವಚಿತ್ರ ಬರೆದರು. ಅದೇ ಹೊತ್ತಿನಲ್ಲಿ ಆಕೆಯ ಸವೆದ, ಬಾಯಿಬಿಟ್ಟ ಹಳೆಯ ಬೂಟುಗಳದ್ದೂ ಒಂದು ಚಿತ್ರ ಬರೆದರು. ನನಗೆ ನೆನಪಿರುವುದು ಬೂಟು.

ಪ್ರಶ್ನೆ: ಕೆಲಸ ಇಲ್ಲದ ತಿಂಗಳು ಏನು ಬರೆಯುವುದು?

ಉತ್ತರ: ಒಂದೇ ಪ್ರಶ್ನೆಯನ್ನು ಮೂರು ಜನ ಕೇಳಿದರೆ ನಾನು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸ್‌ಗೆ ಹಾಕುತ್ತೇನೆ. ಖಾಲಿ ತಿಂಗಳಲ್ಲಿ ಒಂದು ಚೀಟಿ ತೆಗೆಯುತ್ತೇನೆ. "ಹುಲ್ಲನ್ನು ಬೋಳಿಸಿಬಿಡಿ, ಆಗ ತಿಂಗಳುಗಟ್ಟಲೆ ಕತ್ತರಿಸುವ ಗೋಜಿಲ್ಲ" ಅಂತ ಕೇಳುವವರು ಬಹಳ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಿದರೆ ಹುಲ್ಲು ಸೊರಗುತ್ತದೆ, ಬೇರು ಮೇಲೇ ಉಳಿಯುತ್ತದೆ, ಬಿಸಿಲು ಬಿದ್ದ ಕಡೆ ಕಳೆ ಏಳುತ್ತದೆ. "ಮರದ ತಲೆ ಅರ್ಧಕ್ಕೆ ಕಡಿಯಿರಿ" ಅನ್ನುವವರೂ ಇದ್ದಾರೆ. ಕಡಿದ ಕಡೆಯಿಂದ ಹತ್ತಾರು ಚಿಗುರು ಒಟ್ಟಿಗೆ ನುಗ್ಗುತ್ತವೆ, ಅವುಗಳ ಹಿಡಿತ ಸಡಿಲ, ಮುಂದೊಂದು ಗಾಳಿಗೆ ಅವೇ ಮುರಿದು ಬೀಳುತ್ತವೆ. ನಾನು ಒಪ್ಪದೆ ವಾಪಸ್ ಬಂದ ಕೆಲಸಗಳ ಕತೆಯನ್ನೂ ಬರೆದಿದ್ದೇನೆ. ಒಪ್ಪಿದ ಕೆಲಸಕ್ಕಿಂತ ಅವನ್ನು ಜನ ಇಷ್ಟಪಟ್ಟು ಓದುತ್ತಾರೆ.

ಪ್ರಶ್ನೆ: ಹೀಗೆ ಎಲ್ಲ ಗುಟ್ಟು ಬರೆದುಬಿಟ್ಟರೆ ಗ್ರಾಹಕರು ತಾವೇ ಮಾಡಿಕೊಳ್ಳುತ್ತಾರಲ್ಲ?

ಉತ್ತರ: ಕೆಲವರು ಮಾಡಿಕೊಳ್ಳುತ್ತಾರೆ. ನನ್ನ ಬರಹ ಓದಿ ಒಬ್ಬರು ತಾವೇ ಆಸರೆ ಗೋಡೆ ಕಟ್ಟಲು ಹೊರಟರು. ಹಿಂದೆ ಜಲ್ಲಿ ತುಂಬಬೇಕು, ನೀರು ಹೊರಬರಲು ಅಡಿಯಲ್ಲಿ ತೂತು ಬಿಡಬೇಕು, ಇಲ್ಲದಿದ್ದರೆ ನೆನೆದ ಮಣ್ಣಿನ ಭಾರಕ್ಕೆ ಗೋಡೆ ಮುಂದಕ್ಕೆ ಬಾಗುತ್ತೆ ಅಂತ ಬರೆದಿದ್ದೆ. ಎಲ್ಲ ಸರಿಯಾಗಿಯೇ ಮಾಡಿದ್ದರು. ಎರಡು ಸಾಲು ಕಲ್ಲು ಇಟ್ಟ ಮೇಲೆ ಬೆನ್ನು ಹಿಡಿದುಕೊಂಡಿತು. ಫೋನ್ ಮಾಡಿದರು. ನಾನು ಹೋದಾಗ ಕುರ್ಚಿಯಲ್ಲಿ ಕೂತು ಪ್ರತಿ ಕಲ್ಲಿಗೂ ಪ್ರಶ್ನೆ ಕೇಳಿದರು, ಎಲ್ಲವೂ ಸರಿಯಾದ ಪ್ರಶ್ನೆಗಳೇ. ಅಷ್ಟು ಚೆನ್ನಾಗಿ ಕೆಲಸ ಗೊತ್ತಿರುವ ಗ್ರಾಹಕರು ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಮೊದಲ ಪತ್ರದವರಿಗೆ: ಕಸ ತೆಗೆಸಿದ ಮೇಲೆ ಗುಣಿಗೆ ನೀರು ಸುರಿದು ನೋಡಿದಿರಾ? ಗಂಟೆಗೆ ಎಷ್ಟು ಇಳಿಯಿತು? ಬರೆದು ತಿಳಿಸಿ.